ಲಗ್ಗೆರೆಗೆ ಮೂರು ಮನೆ

ಲಗ್ಗೆರೆ ಅನ್ನೋ ಪದದಲ್ಲಿ ಎಷ್ಟು ಅಕ್ಷರ ಇದೆ? ನಮ್ಮ ಕ್ಲಾಸಿನಲ್ಲಿ ಯಾರನ್ನು ಕೇಳಿದ್ರೂ ಮೂರು ಅಂತಾರೆ. ಪೈಥಾನ್‌ನ ಲೆನ್ ಫಂಕ್ಷನ್ ಕೇಳಿದ್ರೆ 7 ಅನ್ನುತ್ತೆ. ಯುಟಿಎಫ್-8ರಲ್ಲಿ ಫೈಲಿಗೆ ಸೇವ್ ಮಾಡಿದ್ರೆ 21 ಬೈಟ್ ಆಗುತ್ತೆ. ಬ್ರೌಸರ್ ಒಳಗೇ ಇರೋ ಸೆಗ್ಮೆಂಟರ್‌ಗೆ ಕೊಟ್ಟು, 'ಮನುಷ್ಯರು ಎಣಿಸೋ ಹಾಗೆ ಎಣಿಸಪ್ಪ' ಅಂದ್ರೆ ಅದು 4 ಅನ್ನುತ್ತೆ. ಈ ನಾಲ್ಕನ್ನು ಮೂರು ಮಾಡೋಕೆ ನನಗೆ ಐದು ವಾರ ಹಿಡೀತು. ಅದರಲ್ಲಿ ಕೋಡ್ ಬರೆದದ್ದು ಅರ್ಧ ಗಂಟೆ ಇರಬಹುದು. ಮಿಕ್ಕ ಸಮಯ ಎಲ್ಲಿ ಹೋಯ್ತು ಅನ್ನೋದೇ ಈ ಬರಹ.

ವರ್ಡ್ಲ್ ಎಲ್ಲರಿಗೂ ಗೊತ್ತು. ಜಾಶ್ ವಾರ್ಡಲ್ ಅನ್ನೋರು ಮಾಡಿದ ಆಟ, 2022ರ ಜನವರಿಯಲ್ಲಿ ನ್ಯೂಯಾರ್ಕ್ ಟೈಮ್ಸ್ ಅದನ್ನ ಕೊಂಡುಕೊಳ್ತು. ಅದೇ ಜಾತಿಯ ಒಂದು ಚಿಕ್ಕ ಓಪನ್ ಸೋರ್ಸ್ ಆಟ ಇದೆ. ಯಾರು ಬೇಕಾದರೂ ತಮ್ಮ ಭಾಷೆಯ ಪದಪಟ್ಟಿ ಸೇರಿಸಬಹುದು, ದಿನಕ್ಕೊಂದು ಪದ ಬರುತ್ತೆ. ಹೆಸರು ಹೇಳೋದಿಲ್ಲ, ದೊಡ್ಡ ಪ್ರಾಜೆಕ್ಟ್ ಏನಲ್ಲ. ಕನ್ನಡದ ಪಟ್ಟಿಯನ್ನ ಯಾರೋ ಪುಣ್ಯಾತ್ಮರು ಆಗಲೇ ಹಾಕಿದ್ದರು. ಆದರೆ ಆಟ ಆಡೋಕೆ ಆಗ್ತಾ ಇರಲಿಲ್ಲ. 'ಅಗ್ಗ' ಅಂತ ಪದ ಇದ್ದರೆ ಮೂರು ಚೌಕ ಬರೋದು: ಅ, ಗ್, ಗ. ನೀವು ಕೀಬೋರ್ಡಿನಲ್ಲಿ ಗ್ಗ ಒತ್ತಿದರೆ ಅದು ಎರಡು ಚೌಕಕ್ಕೆ ಹರಿದು ಹಂಚಿಹೋಗೋದು. 'ಕನ್ನಡ ಅಕ್ಷರಗಳು ಮುರಿದು ಬರ್ತಿವೆ' ಅಂತ ಒಂದು ಇಶ್ಯೂ ಎಂಟು ತಿಂಗಳಿಂದ ಹಾಗೇ ಬಿದ್ದಿತ್ತು. ಪ್ರಾಜೆಕ್ಟ್‌ನಲ್ಲಿ ಕನ್ನಡ ಬರೋರು ಯಾರೂ ಇರಲಿಲ್ಲ.

ನಾನು ಅದನ್ನ ಎತ್ತಿಕೊಂಡಿದ್ದು ದೇಶಸೇವೆಗೆ ಅಂತೇನಲ್ಲ. ಮೂರನೇ ಸೆಮಿಸ್ಟರ್‌ನಲ್ಲಿ ಎಲ್ಲರೂ ರೆಸ್ಯೂಮೆಗೆ ಒಂದು ಓಪನ್ ಸೋರ್ಸ್ ಸಾಲು ಬೇಕು ಅಂತಾರೆ. ಒಬ್ಬ ಸೀನಿಯರ್ ಸಲಹೆ ಹೀಗಿತ್ತು: ಯಾವುದಾದ್ರೂ ರೀಡ್‌ಮಿ ಫೈಲಿನಲ್ಲಿ ಒಂದು ಕಾಮಾ ಸೇರಿಸು, ಪುಲ್ ರಿಕ್ವೆಸ್ಟ್ ಹಾಕು, ಮುಗೀತು. ಈ ಥರ ಕಾಮಾ ದಾನ ಮಾಡೋರು ಎಷ್ಟು ಹೆಚ್ಚಾದ್ರು ಅಂದ್ರೆ 2020ರಲ್ಲಿ ಹ್ಯಾಕ್ಟೋಬರ್‌ಫೆಸ್ಟ್‌ನವರು ಕಾರ್ಯಕ್ರಮ ನಡೀತಿರೋವಾಗಲೇ ನಿಯಮ ಬದಲಾಯಿಸಬೇಕಾಯ್ತು, ಒಪ್ಪಿಕೊಂಡ ಪ್ರಾಜೆಕ್ಟ್‌ಗಳಿಗೆ ಮಾತ್ರ ಲೆಕ್ಕ ಅಂತ. ನನಗೆ ಕಾಮಾ ಹಾಕೋದು ಇಷ್ಟ ಇರಲಿಲ್ಲ. ಗಿಟ್‌ಹಬ್‌ನಲ್ಲಿ 'ಕನ್ನಡ' ಅಂತ ಹುಡುಕಿದಾಗ ಈ ಇಶ್ಯೂ ಸಿಕ್ತು.

ಕಾರಣ ಏನು ಅಂತ ಸ್ವಲ್ಪ ಹೇಳಲೇಬೇಕು, ಮಜಾ ಇರೋದೇ ಅಲ್ಲಿ. ಯೂನಿಕೋಡ್ ಅನ್ನೋದು ಒಂದು ದೊಡ್ಡ ಬಡಾವಣೆ ಅಂದುಕೊಳ್ಳಿ. ಪ್ರತಿ ಲಿಪಿಗೂ ಒಂದೊಂದು ಬ್ಲಾಕ್, ಒಳಗೆ ನಂಬರ್ ಹಾಕಿದ ಸೈಟುಗಳು. ಕನ್ನಡದ ಸೈಟುಗಳು 3200ರಿಂದ 3327ರವರೆಗೆ, ಒಟ್ಟು 128. ಗ ಅನ್ನೋದಕ್ಕೆ ಒಂದು ನಂಬರ್, ಎತ್ವಕ್ಕೆ ಒಂದು ನಂಬರ್. ಆದರೆ ಒತ್ತಕ್ಷರಕ್ಕೆ ಪ್ರತ್ಯೇಕ ಸೈಟ್ ಇಲ್ಲ. ಗ್ಗೆ ಬರೀಬೇಕಾದ್ರೆ ಗ, ಅದರ ಮೇಲೆ ಹಲಂತ ಅಥವಾ ವಿರಾಮ ಚಿಹ್ನೆ, ಆಮೇಲೆ ಇನ್ನೊಂದು ಗ, ಕೊನೆಗೆ ಎತ್ವ. ನಾಲ್ಕು ನಂಬರ್ ಸಾಲಾಗಿ ನಿಲ್ಲುತ್ತೆ, ಫಾಂಟ್ ಅವನ್ನು ನೋಡಿ 'ಓ, ಇದು ಗಕ್ಕೆ ಗ ಒತ್ತು' ಅಂತ ಒಂದು ಆಕಾರ ಬಿಡಿಸುತ್ತೆ. ವಿರಾಮದ ನಂಬರ್ 3277. ಈ ನಂಬರ್ ನನಗೀಗ ನನ್ನ ಯುಎಸ್‌ಎನ್‌ಗಿಂತ ಚೆನ್ನಾಗಿ ನೆನಪಿದೆ.

ಸಾಲಾಗಿ ನಿಂತ ನಂಬರ್‌ಗಳಲ್ಲಿ ಯಾವ್ಯಾವುದು ಸೇರಿ ಒಂದು ಅಕ್ಷರ ಅಂತ ಹೇಳೋದಕ್ಕೆ ಯೂನಿಕೋಡ್ ಒಂದು ನಿಯಮಾವಳಿ ಇಟ್ಟಿದೆ, 29ನೇ ಅನುಬಂಧ ಅಂತ. ಕರ್ಸರ್ ಎಲ್ಲಿ ನಿಲ್ಲಬೇಕು, ಪದವನ್ನ ಎಲ್ಲಿ ಕತ್ತರಿಸಬಹುದು ಅನ್ನೋದಕ್ಕೆ ಸಾಫ್ಟ್‌ವೇರ್‌ಗಳು ಅದನ್ನ ನೋಡುತ್ತವೆ. ಹಳೇ ನಿಯಮದ ಪ್ರಕಾರ ವಿರಾಮ ಬಂದ ತಕ್ಷಣ ಅಕ್ಷರ ಮುಗೀತು. ಹಾಗಾಗಿ ಲ, ಗ್, ಗೆ, ರೆ. ನಾಲ್ಕು. 2023ರಲ್ಲಿ 15.1ನೇ ಆವೃತ್ತಿ ಬಂದಾಗ ಇದನ್ನ ಸರಿ ಮಾಡಿದ್ರು: ವ್ಯಂಜನ, ವಿರಾಮ, ವ್ಯಂಜನ ಬಂದ್ರೆ ಒಡೀಬಾರದು ಅಂತ ಹೊಸ ನಿಯಮ. ಆದರೆ ಆ ಆವೃತ್ತಿಯಲ್ಲಿ ಈ ನಿಯಮ ಸಿಕ್ಕಿದ್ದು ಆರು ಲಿಪಿಗಳಿಗೆ. ದೇವನಾಗರಿ, ಬಂಗಾಳಿ, ಗುಜರಾತಿ, ಒಡಿಯಾ, ತೆಲುಗು, ಮಲಯಾಳಂ. ಪಟ್ಟಿಯನ್ನ ಮೂರು ಸಲ ಓದಿದೆ. ಕನ್ನಡ ಇಲ್ಲ.

ತೆಲುಗು ಇದೆ, ಕನ್ನಡ ಇಲ್ಲ ಅನ್ನೋದು ಯಾಕೆ ವಿಚಿತ್ರ ಅಂದ್ರೆ, ಯೂನಿಕೋಡ್ ಬಡಾವಣೆಯಲ್ಲಿ ತೆಲುಗು ನಮ್ಮ ಪಕ್ಕದ ಮನೆ. 3072ರಿಂದ 3199 ಅವರದ್ದು, 3200ರಿಂದ ನಮ್ಮದು. ಎರಡೂ ಬ್ಲಾಕುಗಳ ಒಳಗಿನ ಜೋಡಣೆ ಕೂಡ ಹೆಚ್ಚುಕಡಿಮೆ ಒಂದೇ, ಯಾಕಂದ್ರೆ ಎರಡೂ ಇಸ್ಕಿ ಅನ್ನೋ ಹಳೇ ಭಾರತೀಯ ಕೋಡ್‌ನ ಕ್ರಮದಲ್ಲಿ ಬಂದವು. ತೆಲುಗಿನ ಗ ನಂಬರ್‌ಗೆ 128 ಕೂಡಿಸಿದ್ರೆ ಕನ್ನಡದ ಗ. ಅವರ ವಿರಾಮ 3149, ನಮ್ಮದು 3277. ಕಳೆದು ನೋಡಿ. ಹಾಗಾಗಿ ನಾನು ಒಂದು ಪುಟ್ಟ ಪ್ರಯೋಗ ಮಾಡಿದೆ. ಲಗ್ಗೆರೆಯ ಏಳೂ ನಂಬರ್‌ಗಳಿಂದ 128 ಕಳೆದೆ. ಪರದೆ ಮೇಲೆ ತೆಲುಗಿನ ಲಗ್ಗೆರೆ ಬಂತು. ಅದನ್ನ ಅದೇ ಸೆಗ್ಮೆಂಟರ್‌ಗೆ ಕೊಟ್ಟೆ. 3 ಅಂತು. ವಾಪಸ್ 128 ಕೂಡಿಸಿ ಕನ್ನಡದಲ್ಲಿ ಕೊಟ್ಟೆ. 4 ಅಂತು. ಅದೇ ಊರು, ಅದೇ ರಿಂಗ್ ರೋಡ್, ಅದೇ ಬ್ರಿಡ್ಜು.

ಇಷ್ಟು ಗೊತ್ತಾದ ಮೇಲೆ ಪರಿಹಾರ ಸುಲಭ ಇತ್ತು. ಸೆಗ್ಮೆಂಟರ್ ಕೊಟ್ಟ ತುಂಡುಗಳನ್ನ ಒಂದೊಂದಾಗಿ ನೋಡೋದು. ಹಿಂದಿನ ತುಂಡು 3277ರಲ್ಲಿ ಮುಗಿದಿದ್ದು, ಮುಂದಿನ ತುಂಡು ಕನ್ನಡ ವ್ಯಂಜನದಿಂದ ಶುರುವಾದ್ರೆ ಎರಡನ್ನೂ ಅಂಟಿಸೋದು. ಒಂದು ಲೂಪ್, ಒಂದು ಇಫ್. ಲ, ಗ್ಗೆ, ರೆ. ಆದರೆ ಟೆಸ್ಟ್ ಬರೀಬೇಕಲ್ಲ. ಯಾವ ಪದಕ್ಕೆ ಎಷ್ಟು ಅಕ್ಷರ ಅಂತ ಸರಿಯುತ್ತರ ಯಾರು ಹೇಳೋದು?

ನನ್ನ ಕನ್ನಡದ ಬಗ್ಗೆ ಇಲ್ಲಿ ಹೇಳಬೇಕು. ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂ. ಸ್ಕೂಲಿನಲ್ಲಿ ಕನ್ನಡ ಥರ್ಡ್ ಲ್ಯಾಂಗ್ವೇಜ್, ಕ್ಲಾಸ್‌ರೂಮಿನಲ್ಲಿ ಕನ್ನಡ ಮಾತಾಡಿದ್ರೆ ಹತ್ತು ರೂಪಾಯಿ ಫೈನು. ಪಿಯುಸಿಯಲ್ಲಿ ಮಾರ್ಕ್ಸ್‌ಗೋಸ್ಕರ ಸಂಸ್ಕೃತ. ಮೊದಲ ವರ್ಷ ಒಂದು ಕ್ರೆಡಿಟ್ಟಿನ ಸಾಂಸ್ಕೃತಿಕ ಕನ್ನಡ, ಅದನ್ನ ನಾವೆಲ್ಲ ಹೇಗೆ ಪಾಸ್ ಮಾಡಿದ್ವಿ ಅಂತ ನಿಮಗೂ ಗೊತ್ತು. ಮಾತಾಡೋದು ಸಲೀಸು, ಓದೋದು ನಿಧಾನ. ಬಿಎಂಟಿಸಿ ಬಸ್ಸಿನ ಬೋರ್ಡ್ ಓದೋಷ್ಟರಲ್ಲಿ ಬಸ್ ಹೋಗಿರುತ್ತೆ ಅಂತ ಅಮ್ಮ ಆಡಿಕೊಳ್ತಾಳೆ.

ನಮ್ಮ ಮನೇಲಿ ಕನ್ನಡ ಗೊತ್ತಿರೋದು ಅಜ್ಜಿಗೆ. ಕುಣಿಗಲ್ ಕಡೆಯವಳು, ಏಳನೇ ಕ್ಲಾಸಿನವರೆಗೆ ಓದಿದಾಳೆ. ಬೆಳಗ್ಗೆ ಪೇಪರ್ ಬಂದ್ರೆ ಅಪ್ಪ ಮೊದಲ ಪುಟ ಓದಿ ಪೀಣ್ಯಕ್ಕೆ ಕೆಲಸಕ್ಕೆ ಹೋಗ್ತಾನೆ, ಅಜ್ಜಿ ಪದಬಂಧದ ಪುಟ ಇಟ್ಕೊಂಡು ಕೂರ್ತಾಳೆ. ಪೆನ್ಸಿಲ್ ಅಲ್ಲ, ಪೆನ್ನು. ಪದಬಂಧದ ಚೌಕಕ್ಕೆ ಅವಳು 'ಮನೆ' ಅಂತಾಳೆ. ಅಜ್ಜೀ, ಲಗ್ಗೆರೆಗೆ ಎಷ್ಟು ಮನೆ ಅಂದೆ. ಮೂರು. ಸ್ತ್ರೀಗೆ? ಒಂದೇ. ಸ್ವಾತಂತ್ರ್ಯಕ್ಕೆ? ಮೂರು, ಅದರಲ್ಲಿ ಕೇಳೋದೇನಿದೆ ಅನ್ನೋ ಹಾಗೆ ನೋಡಿದ್ಲು. ಸ್ವಾತಂತ್ರ್ಯದಲ್ಲಿ 11 ನಂಬರ್‌ಗಳಿವೆ. ಸೆಗ್ಮೆಂಟರ್ ಅದನ್ನ ಆರು ತುಂಡು ಮಾಡುತ್ತೆ. ಧರ್ಮಕ್ಕೆ ಎರಡು. ಅರ್ಕಾವತ್ತು ಯಾವ ಮನೆಗೆ ಸೇರುತ್ತೆ ಅಂದೆ, ಬರೆಯೋದು ಎಲ್ಲೋ ಅಲ್ಲಿಗೆ, ಮ ಜೊತೆ ಅಂದ್ಲು. ಬಸ್‌ಗೆ ಎರಡು, ಕೊನೆಯ ಸ್ ತಾನೇ ಒಂದು ಮನೆ. ಅವಳು ಹೇಳ್ತಾ ಹೋದ್ಲು, ನಾನು ಲ್ಯಾಪ್‌ಟಾಪ್‌ನಲ್ಲಿ ಟೈಪ್ ಮಾಡ್ತಾ ಹೋದೆ. ಪ್ರತಿ ಉತ್ತರವೂ ಒಂದು ಟೆಸ್ಟ್ ಕೇಸ್.

ರಾಜ್‌ಕುಮಾರ್ ಬಂದಾಗ ಸ್ವಲ್ಪ ತಡೆ ಆಯ್ತು. ನಮ್ಮ ಏರಿಯಾದಲ್ಲಿ ಆ ಹೆಸರು ಬರದೆ ಮಾತು ಮುಗಿಯಲ್ಲ. ಕಂಠೀರವ ಸ್ಟುಡಿಯೋ ನಮಗೆ ಹತ್ತಿರ, 2006ರಲ್ಲಿ ಅಣ್ಣಾವ್ರನ್ನ ಮಣ್ಣು ಮಾಡಿದ್ದು ಅಲ್ಲೇ, 2021ರಲ್ಲಿ ಅಪ್ಪು ಅವರನ್ನೂ ಅಲ್ಲೇ. ಹೆಸರನ್ನ ಜಕ್ಕೆ ಕ ಒತ್ತು ಕೊಟ್ಟು ಬರೆದ್ರೆ ರಾಜ್ಕುಮಾರ್, ನಾಲ್ಕು ಮನೆ. ಜ್ ಬಿಡಿಯಾಗಿ ಬರೆದ್ರೆ ರಾಜ್‌ಕುಮಾರ್, ಐದು. ಹೇಗೆ ಬರೆದಿದಾರೋ ಹಾಗೆ ಮನೆ ಕೊಡಬೇಕು ಅಂದ್ಲು ಅಜ್ಜಿ. ಕಂಪ್ಯೂಟರ್‌ನಲ್ಲಿ ಈ ಎರಡಕ್ಕೂ ಇರೋ ವ್ಯತ್ಯಾಸ ಒಂದು ಕಣ್ಣಿಗೆ ಕಾಣದ ಕ್ಯಾರೆಕ್ಟರ್. ನಂಬರ್ 8204, ಅಗಲ ಸೊನ್ನೆ, ಕೆಲಸ ಅಂದ್ರೆ ಒತ್ತು ಆಗದ ಹಾಗೆ ಮಧ್ಯೆ ನಿಲ್ಲೋದು. ಜ್ ತುಂಡು ಆಗ 3277ರಲ್ಲಿ ಮುಗಿಯೋದಿಲ್ಲ, 8204ರಲ್ಲಿ ಮುಗಿಯುತ್ತೆ. ನನ್ನ ಇಫ್ ಅದನ್ನ ಅಂಟಿಸೋದಿಲ್ಲ. ಅಜ್ಜಿಯ ನಿಯಮ ಒಂದು ಅಕ್ಷರ ಬದಲಾಯಿಸದೆ ಕೋಡಿನಲ್ಲಿ ಕೂತಿತ್ತು.

ಇದರ ಅಣ್ಣ ಒಬ್ಬ ಇದಾನೆ, 8205. ಸಿಇಟಿ ರ‍್ಯಾಂಕ್ ಅಂತ ಬರೆಯೋವಾಗ ಅರ್ಕಾವತ್ತು ಬರಬಾರದು, ರ ಕೆಳಗೆ ಯ ಒತ್ತು ಬರಬೇಕು ಅಂದ್ರೆ ರ ಆದ ಮೇಲೆ ಇವನನ್ನ ನಿಲ್ಲಿಸಿ ಆಮೇಲೆ ವಿರಾಮ ಹಾಕಬೇಕು. ಎಷ್ಟೋ ಬ್ಯಾನರ್‌ಗಳಲ್ಲಿ 'ರ್ಯಾಂಕ್' ಅಂತ ಅರ್ಕಾವತ್ತು ಕಾಣೋದು ಇವನು ರಜಾ ಹಾಕಿದ್ದಕ್ಕೆ. ಇಲ್ಲೂ ಕೊನೆಗೆ 3277 ಬರೋದ್ರಿಂದ ತುಂಡುಗಳು ಅಂಟುತ್ತವೆ, ರ‍್ಯಾಂ ಒಂದು, ಕ್ ಇನ್ನೊಂದು. ಎರಡು ಮನೆ.

ವ್ಯಂಜನ ಅಂದ್ರೆ ಯಾವ ನಂಬರಿನಿಂದ ಯಾವ ನಂಬರಿನವರೆಗೆ ಅಂತ ಕೋಡಿಗೆ ಹೇಳಬೇಕಿತ್ತು. ಕ 3221, ಹ 3257. ಇದರ ಆಚೆ ಒಂಟಿಯಾಗಿ 3294ರಲ್ಲಿ ಒಬ್ಬ ಇದಾನೆ: ೞ. ಹಳಗನ್ನಡದ ಅಕ್ಷರ, ಈಗ ಯಾರೂ ಬಳಸೋದಿಲ್ಲ. ಇವನ ಕತೆ ಕೇಳಿ. ಯೂನಿಕೋಡ್ ಪಟ್ಟಿಯಲ್ಲಿ ಇವನಿಗೆ 'ಕನ್ನಡ ಲೆಟರ್ ಫ' ಅಂತ ಹೆಸರು ಕೊಟ್ಟಿದಾರೆ, ಇಂಗ್ಲಿಷಿನ ಎಫ್ ಸದ್ದಿನ ಫ. ತಪ್ಪು ಹೆಸರು. ಆದರೆ ಒಂದು ಸಲ ಕೊಟ್ಟ ಹೆಸರನ್ನ ಬದಲಾಯಿಸೋ ಹಾಗಿಲ್ಲ ಅಂತ ಯೂನಿಕೋಡ್‌ನ ನಿಯಮ, ಎಲ್ಲೋ ಯಾರದೋ ಪ್ರೋಗ್ರಾಂ ಆ ಹೆಸರನ್ನೇ ನಂಬಿಕೊಂಡಿರಬಹುದು ಅಂತ. ಅದಕ್ಕೇ ಪಕ್ಕದಲ್ಲಿ ಸರಿಯಾದ ಹೆಸರನ್ನ ಅಧಿಕೃತ ಅಡ್ಡಹೆಸರಾಗಿ ಬರೆದಿದಾರೆ. ಆಧಾರ್ ಕಾರ್ಡಿನಲ್ಲಿ ತಪ್ಪಾದ ಹೆಸರು ಇಟ್ಕೊಂಡೇ ಬದುಕೋ ನೆಂಟರ ಥರ. ನಾನು 3294ನ್ನೂ ಸೇರಿಸಿದೆ. ಆಟದಲ್ಲಿ ಆ ಅಕ್ಷರ ಇರೋ ಪದ ಎಂದಾದ್ರೂ ಬರುತ್ತೆ ಅಂತ ಅಲ್ಲ, ಪಾಪ ಅನ್ನಿಸ್ತು.

ಕೋಡ್ 9 ಸಾಲು, ಟೆಸ್ಟ್ 14 ಸಾಲು. ಒಂದು ಶುಕ್ರವಾರ ರಾತ್ರಿ ಪುಲ್ ರಿಕ್ವೆಸ್ಟ್ ಹಾಕಿದೆ.

ನಾಲ್ಕು ದಿನ ಏನೂ ಇಲ್ಲ. ಐದನೇ ದಿನ ರಾತ್ರಿ ಒಂದೂವರೆಗೆ ಮೇಂಟೇನರ್ ಉತ್ತರ ಬಂತು. ಅವರು ಯುರೋಪಿನ ಕಡೆ ಎಲ್ಲೋ ಇರಬೇಕು, ಕಮಿಟ್‌ಗಳಲ್ಲಿರೋ ಟೈಮ್‌ಜೋನ್ ನೋಡಿದ್ರೆ ಗೊತ್ತಾಗುತ್ತೆ. ತುಂಬ ಮರ್ಯಾದೆಯಿಂದ ಬರೆದಿದ್ರು. ಕೋಡ್ ಚೆನ್ನಾಗಿದೆ, ಧನ್ಯವಾದ. ಆದರೆ ಯೂನಿಕೋಡ್ ನಾಲ್ಕು ಅನ್ನುತ್ತೆ, ನೀವು ಮೂರು ಅಂತೀರಿ. ಸ್ಟ್ಯಾಂಡರ್ಡ್ ಬಿಟ್ಟು ಹೋಗೋಕೆ ನನಗೆ ಒಂದು ಆಧಾರ ಬೇಕು. ನಿಮ್ಮ ಮೂಲ ಯಾವುದು?

ನ್ಯಾಯವಾದ ಪ್ರಶ್ನೆ. ನಾನೇ ಆ ಜಾಗದಲ್ಲಿದ್ರೂ ಅದನ್ನೇ ಕೇಳ್ತಿದ್ದೆ. ನಾಳೆ ಇನ್ಯಾರೋ ಬಂದು ಐದು ಅಂದ್ರೆ?

ಉತ್ತರ ಬರೆಯೋಕೆ ಕೂತೆ. ಇಂಗ್ಲಿಷಿನಲ್ಲಿ 'ನಾನು ನೇಟಿವ್ ಸ್ಪೀಕರ್, ಆದ್ದರಿಂದ' ಅಂತ ಟೈಪ್ ಮಾಡಿ ಅಲ್ಲೇ ನಿಂತೆ. ಸುಳ್ಳೇನಲ್ಲ. ಆದರೆ ಇಡೀ ಕನ್ನಡದ ಪರವಾಗಿ ಒಬ್ಬರು ಹೊರಗಿನವರಿಗೆ ಹೀಗೇ ಅಂತ ಹೇಳೋಕೆ ನಾನ್ಯಾರು? ಬೋರ್ಡ್ ಓದೋಷ್ಟರಲ್ಲಿ ಬಸ್ ತಪ್ಪಿಸಿಕೊಳ್ಳೋ ಗಿರಾಕಿ. ಹತ್ತು ವರ್ಷ ಕನ್ನಡಕ್ಕೆ ಫೈನ್ ಕಟ್ಟಿ ಈಗ ಕನ್ನಡದ ವಕೀಲಿಕೆ. ಆ ಸಾಲನ್ನ ಡಿಲೀಟ್ ಮಾಡಿ ಮಲಗಿದೆ.

ಮಾರನೇ ದಿನ ಕಾಲೇಜಿನ ಕನ್ನಡ ಮೇಷ್ಟ್ರನ್ನ ಕೇಳಿದೆ. ಅವರಿಗೆ ಮೊದಲು ಪ್ರಶ್ನೆಯೇ ವಿಚಿತ್ರ ಅನ್ನಿಸ್ತು, ಆಮೇಲೆ ಖುಷಿಯಾಯ್ತು. ಹತ್ತನೇ ಶತಮಾನದ ನಾಗವರ್ಮನ ಛಂದೋಂಬುಧಿ ಹೇಳಿದ್ರು. ನಮ್ಮ ಛಂದಸ್ಸು ನಿಂತಿರೋದೇ ಅಕ್ಷರದ ಲೆಕ್ಕದ ಮೇಲೆ, ಪ್ರತಿ ಸಾಲಿನ ಎರಡನೇ ಅಕ್ಷರಕ್ಕೆ ಪ್ರಾಸ ಬರಬೇಕು ಅಂದ್ರೆ ಎರಡನೇ ಅಕ್ಷರ ಯಾವುದು ಅಂತ ಮೊದಲು ಗೊತ್ತಿರಬೇಕಲ್ಲ ಅಂದ್ರು. ಲಗ್ಗೆರೆಗೆ ಬೋರ್ಡ್ ಮೇಲೆ ಪ್ರಸ್ತಾರವನ್ನೂ ಹಾಕಿದ್ರು. ಒತ್ತಕ್ಷರದ ಹಿಂದಿದೆ ಅಂತ ಲ ಗುರು, ಗ್ಗೆ ಲಘು, ರೆ ಲಘು. ಮೂರು ಗುರುತು, ನಾಲ್ಕನೆಯದಕ್ಕೆ ಜಾಗವೇ ಇಲ್ಲ. ಸಾವಿರ ವರ್ಷದ ಹಿಂದಿನ ಪುಸ್ತಕ ಗಟ್ಟಿ ಆಧಾರವೇ. ಆದರೆ ಇವತ್ತಿನ ಜನ ಹೀಗೇ ಎಣಿಸ್ತಾರೆ ಅನ್ನೋದಕ್ಕೆ ಇನ್ನೂ ಏನೋ ಬೇಕಿತ್ತು.

ಅದು ಮನೆಯಲ್ಲೇ ಬಿದ್ದಿತ್ತು. ರದ್ದಿಗೆ ಹಾಕೋಕೆ ಕಟ್ಟಿಟ್ಟ ಪೇಪರ್‌ಗಳಲ್ಲಿ ಅಜ್ಜಿ ತುಂಬಿದ ಪದಬಂಧಗಳು. ಒತ್ತಕ್ಷರ ಹೆಚ್ಚಿರೋ ಒಂದನ್ನ ಆರಿಸಿ ಫೋಟೋ ತೆಗೆದೆ. ನೀಲಿ ಪೆನ್ನಿನಲ್ಲಿ, ಗುಂಡು ಅಕ್ಷರದಲ್ಲಿ, ಒಂದೊಂದು ಚೌಕದೊಳಗೆ ಒಂದೊಂದು ಇಡೀ ಒತ್ತಕ್ಷರ. ಉತ್ತರದಲ್ಲಿ ಮೂರು ವಿಷಯ ಬರೆದೆ. 29ನೇ ಅನುಬಂಧವೇ ತನ್ನ ನಿಯಮಗಳನ್ನ ಭಾಷೆಗೆ ತಕ್ಕ ಹಾಗೆ ಹೊಂದಿಸಿಕೊಳ್ಳಬಹುದು ಅನ್ನುತ್ತೆ, ಹಾಗಾಗಿ ಇದು ಸ್ಟ್ಯಾಂಡರ್ಡ್ ಮುರಿಯೋದಲ್ಲ. 128 ಕಳೆಯೋ ಪ್ರಯೋಗ ಇಲ್ಲಿದೆ, ನೀವೇ ಓಡಿಸಿ ನೋಡಿ. ಮತ್ತೆ ಈ ಫೋಟೋ: ಇಲ್ಲಿನ ದಿನಪತ್ರಿಕೆಗಳು ದಿನಾ ಪದಬಂಧ ಅಚ್ಚು ಹಾಕ್ತವೆ, ಓದುಗರು ಹೀಗೆ ತುಂಬ್ತಾರೆ. ಯಾರ ಕೈಬರಹ ಅಂತ ಬರೀಲಿಲ್ಲ.

ಅವರು 128ರ ಪ್ರಯೋಗವನ್ನ ಓಡಿಸಿ ನೋಡಿದ್ರು ಅಂತ ಕಾಣುತ್ತೆ, ಅದಕ್ಕೆ ಒಂದು ಆಶ್ಚರ್ಯದ ಇಮೋಜಿ ಬಂತು. ಆದರೆ ಉತ್ತರ ಕೊಟ್ಟಿದ್ದು ಫೋಟೋಗೆ. ಇದಕ್ಕಿಂತ ಸ್ಪಷ್ಟವಾದ ಸ್ಪೆಸಿಫಿಕೇಷನ್ ಬೇಡ ಅಂದ್ರು. ಒಂದೇ ಒಂದು ಬದಲಾವಣೆ ಕೇಳಿದ್ರು: 'ಭಾಷೆ ಕನ್ನಡ ಆಗಿದ್ರೆ' ಅನ್ನೋ ಷರತ್ತು ಬೇಡ, ಲಿಪಿ ನೋಡಿದ್ರೆ ಸಾಕು, ಬೇರೆ ಭಾಷೆಯವರೂ ಈ ಲಿಪಿ ಬಳಸ್ತಾರಲ್ಲವಾ ಅಂತ. ಹೌದಲ್ಲ. ತುಳು ಇದೆ, ಕೊಡವ ಇದೆ, ಕರಾವಳಿಯ ಕೊಂಕಣಿ ಇದೆ. ಯುರೋಪಿನವರಿಗೆ ಹೊಳೆದದ್ದು ನೋಡಿ. ಬದಲಾಯಿಸಿ ಕಳಿಸಿದೆ. ಟೆಸ್ಟ್ ಫೈಲಿಗೆ ಏನು ಹೆಸರು ಇಡೋಣ ಅಂದ್ರು, 'ಪದಬಂಧ' ಅಂತ ಇಟ್ಟೆ. ಇನ್ನೂ ಎರಡು ವಾರ ಕಾದ ಮೇಲೆ ಮರ್ಜ್ ಆಯ್ತು.

ಆ ಎರಡು ವಾರದಲ್ಲಿ ಸುಮ್ಮನೆ ಕೂರದೆ ಕನ್ನಡಕ್ಕೆ ಬೇರೆ ಯಾರ್ಯಾರು ಏನೇನು ಮಾಡಿದಾರೆ ಅಂತ ಹುಡುಕಿದೆ. ನನ್ನ ಲ್ಯಾಪ್‌ಟಾಪಿನ ಡೆಬಿಯನ್‌ನಲ್ಲಿ ಗುಬ್ಬಿ, ನವಿಲು ಅಂತ ಎರಡು ಕನ್ನಡ ಫಾಂಟ್ ಪ್ಯಾಕೇಜ್ ಇವೆ. ಇಷ್ಟು ದಿನ ನಾನು ಟರ್ಮಿನಲ್‌ನಲ್ಲಿ ಕನ್ನಡ ನೋಡ್ತಿದ್ದದ್ದು ಯಾರೋ ಕೂತು ಬಿಡಿಸಿದ ಗುಬ್ಬಿಯಲ್ಲಿ. ಅಲರ್ ನಿಘಂಟು ನೀವೂ ಬಳಸಿರ್ತೀರಿ. ವಿ. ಕೃಷ್ಣ ಅನ್ನೋರು ನಾಲ್ಕು ದಶಕ ಒಬ್ಬರೇ ಕೂತು ಕಟ್ಟಿದ ಕನ್ನಡ-ಇಂಗ್ಲಿಷ್ ಕೋಶ, ಒಂದೂವರೆ ಲಕ್ಷದಷ್ಟು ಪದ. 2019ರಲ್ಲಿ ಮುಕ್ತ ಪರವಾನಗಿಯಲ್ಲಿ ಹೊರಗೆ ಬಂತು. ಅದನ್ನ ವೆಬ್‌ಗೆ ತಂದ ಕೈಲಾಶ್ ನಾಧ್ ಅದಕ್ಕೂ ಮುಂಚೆ ಮಲಯಾಳಂಗೆ ಓಳಂ ನಿಘಂಟು ಮಾಡಿದ್ದವರು. ಕನ್ನಡ ಪದವನ್ನ ಉಚ್ಚಾರಣೆ ಹಿಡಿದು ಹುಡುಕೋಕೆ ಅವರು ಬರೆದ ಕೆಎನ್‌ಫೋನ್ ಕೋಡ್ ಕೂಡ ಓಪನ್ ಸೋರ್ಸ್. ತೆರೆದು ಓದಿ, ಸೆಕೆಂಡ್ ಇಯರ್‌ನವರಿಗೆ ಅರ್ಥ ಆಗೋ ಅಷ್ಟು ಚಿಕ್ಕದಾಗಿದೆ. ನಾಲ್ಕು ದಶಕದ ಪಕ್ಕದಲ್ಲಿ ನನ್ನ 9 ಸಾಲು ಇಟ್ಟು ನೋಡಿದ್ರೆ ನಗು ಬರುತ್ತೆ, ಆದರೆ ಎರಡೂ ಒಂದೇ ಥರದ ಫೈಲಿನಲ್ಲಿವೆ ಅನ್ನೋದು ಒಂಥರಾ ಖುಷಿ.

ಅಪ್ಪನಿಗೆ ಮರ್ಜ್ ಅಂದ್ರೆ ಏನು ಅಂತ ವಿವರಿಸೋದು ಕಷ್ಟ ಆಯ್ತು. ಅವನು ಪೀಣ್ಯ ಸೆಕೆಂಡ್ ಸ್ಟೇಜ್‌ನ ಒಂದು ಮಷೀನ್ ಶಾಪ್‌ನಲ್ಲಿ ಲೇತ್ ಮೇಲೆ ಕೆಲಸ ಮಾಡೋದು. ದುಡ್ಡು ಬರುತ್ತಾ ಅಂದ. ಇಲ್ಲ. ಮತ್ತೆ ಅವರು ಯಾಕೆ ಇಷ್ಟೊಂದು ಚೆಕ್ ಮಾಡಿದ್ರು ಅಂದ. ಕೋಡಿನ ಸಾಲುಗಳನ್ನ ತೋರಿಸಿದೆ. ಅದನ್ನ ಬಿಟ್ಟು ಟೆಸ್ಟ್ ಫೈಲನ್ನ ಬಹಳ ಹೊತ್ತು ನೋಡಿದ. ಓ, ಇದು ಇನ್ಸ್‌ಪೆಕ್ಷನ್ ರಿಪೋರ್ಟ್ ಅಂದ. ಪೀಸ್ ಮಾಡೋದಲ್ಲ ದೊಡ್ಡದು, ಗೇಜ್ ಸರಿ ಇರಬೇಕು. ಆಮೇಲೆ ಅಡುಗೆಮನೆ ಕಡೆ ತಿರುಗಿ, ಗೇಜ್ ನಿನ್ನದಂತಲ್ಲಮ್ಮ ಅಂದ. ಅಜ್ಜಿಗೆ ಅರ್ಥ ಆಗಲಿಲ್ಲ, ಹ್ಞೂಂ ಅಂದ್ಲು.

ಹೋದ ವಾರ ಆ ಪ್ರಾಜೆಕ್ಟ್‌ನಲ್ಲಿ ನನ್ನನ್ನ ರಿವ್ಯೂವರ್ ಅಂತ ಟ್ಯಾಗ್ ಮಾಡಿದಾರೆ. ಯಾರೋ ತುಳು ಪದಪಟ್ಟಿ ಸೇರಿಸಿದಾರೆ, ಕನ್ನಡ ಲಿಪಿಯಲ್ಲಿ. ಲಿಪಿ ನೋಡೋ ಷರತ್ತು ಇರೋದ್ರಿಂದ ಕೋಡ್ ಮುಟ್ಟದೇನೇ ಓಡುತ್ತೆ. ಆದರೆ ತುಳುವಿನಲ್ಲಿ ಎರಡಕ್ಕೆ 'ರಡ್ಡ್' ಅಂತಾರೆ. ಆ ಕೊನೆಯ ವಿರಾಮ ನಮ್ಮ ಬಸ್‌ನ ಸ್ ಥರ ಸುಮ್ಮನೆ ನಿಲ್ಲೋದಲ್ಲ, ಅಲ್ಲಿ ಅರ್ಧ ಉಕಾರದ ಥರ ಒಂದು ಸ್ವರ ಇದೆ. ನನ್ನ ಕೋಡ್ ಅದನ್ನ ರ, ಡ್ಡ್ ಅಂತ ಎರಡು ಮನೆ ಮಾಡುತ್ತೆ. ಸರಿಯಾ? ನನಗೆ ತುಳು ಬರೋದಿಲ್ಲ. ಮೂಲ ಯಾವುದು ಅಂತ ಕಾಮೆಂಟ್ ಹಾಕಿದೀನಿ. ಹಾಸ್ಟೆಲಿನಲ್ಲಿ ಪುತ್ತೂರಿನ ಗೆಳೆಯ ಒಬ್ಬ ಇದಾನೆ, ಅವನಿಗೂ ಖಾತ್ರಿ ಇಲ್ಲ. ಶನಿವಾರ ಊರಿಗೆ ಹೋಗ್ತಾನೆ, ಅವನ ಅಜ್ಜಿಯನ್ನ ಕೇಳ್ಕೊಂಡು ಬರ್ತಾನಂತೆ. ಅಲ್ಲಿವರೆಗೂ ಅದು ಓಪನ್ ಇರುತ್ತೆ.